ರುಚಿಗೆ ತಕ್ಕಷ್ಟು ಎಂದರೆ ಎಷ್ಟು?

ಸಿಬಿಎಸ್‌ಇ ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ಹತ್ತೂಕಾಲಿಗೆ ಪತ್ರಿಕೆ ಕೈಗೆ ಬರುತ್ತದೆ, ಹತ್ತೂವರೆಯ ತನಕ ಉತ್ತರ ಬರೆಯುವಂತಿಲ್ಲ. ಮೊದಲ ಪುಟದಲ್ಲೇ 'ಸಾಮಾನ್ಯ ಸೂಚನೆಗಳು' ಎಂಬ ತಲೆಬರಹದಡಿ ಹತ್ತು ಹನ್ನೆರಡು ಸಾಲು ಇರುತ್ತವೆ. ಆ ಕಾಲು ಗಂಟೆಯಲ್ಲಿ ಏನು ಮಾಡುತ್ತೀರಿ ಎಂದು ನಿಮ್ಮ ಮನೆಯ ಮಕ್ಕಳನ್ನು ಕೇಳಿ ನೋಡಿ. ನಾನು ಕೇಳಿದವರಲ್ಲಿ ಬಹುತೇಕರು ಹೇಳಿದ್ದು ಒಂದೇ: "ಸೂಚನೆ ಬಿಟ್ಟು ಸೀದಾ ಕೊನೆಯ ಐದು ಮಾರ್ಕಿನ ಪ್ರಶ್ನೆಗಳಿಗೆ ಹೋಗ್ತೀವಿ ಆಂಟಿ."

ಮಕ್ಕಳನ್ನು ದೂರಿ ಫಲವಿಲ್ಲ. ಕಥೆ, ಪದ್ಯ, ಪ್ರಬಂಧ ಓದುವುದನ್ನು ನಮಗೆ ಶಾಲೆಯಲ್ಲಿ ಕಲಿಸಿದರು. ಸೂಚನೆ ಓದುವುದನ್ನು ಯಾರೂ ಕಲಿಸಲಿಲ್ಲ. ಅದನ್ನು ಕಲಿಯಬೇಕಾದ ವಿದ್ಯೆ ಎಂದು ನಾವು ಎಣಿಸಿಯೇ ಇಲ್ಲ. ಔಷಧಿಯ ಸೀಸೆ, ಕುಕ್ಕರಿನ ಪುಸ್ತಿಕೆ, ಬ್ಯಾಂಕಿನ ಅರ್ಜಿ, ರೈಲ್ವೆ ಟಿಕೆಟ್ಟಿನ ಹಿಂಬದಿ ಇವನ್ನೆಲ್ಲ 'ಓದು' ಎಂದು ಕರೆಯುವ ಅಭ್ಯಾಸ ನಮಗಿಲ್ಲ. ಆದರೆ 15 ವರ್ಷದ ಮಕ್ಕಳ ಓದನ್ನು ದೇಶ ದೇಶಗಳಲ್ಲಿ ಅಳೆಯುವ ಪಿಸಾ ಪರೀಕ್ಷೆ ಕಥನ, ವಿವರಣೆ, ವಾದಗಳ ಜೊತೆಗೆ ಸೂಚನೆಯನ್ನೂ ಓದಿನ ಒಂದು ಪ್ರಕಾರ ಎಂದೇ ಪರಿಗಣಿಸುತ್ತದೆ. ನಮ್ಮ ದೇಶದಿಂದ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಅದರ 2009ರ ಸುತ್ತಿಗೆ ಸೇರಿದ್ದವು. ಎರಡೂ ಪಟ್ಟಿಯ ಕೆಳತುದಿಯಲ್ಲಿ ನಿಂತವು.

ನಾನು ಪುಣೆಗೆ ಬಂದು ಹನ್ನೆರಡು ವರ್ಷ ಆಯಿತು. ಊರು ದಾವಣಗೆರೆ, ಓದಿದ್ದು ಎಂ.ಸಿ.ಎ., ಕೆಲಸ ಹಿಂಜವಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ನಮ್ಮ ಸೊಸೈಟಿ ಮತ್ತು ಅಕ್ಕಪಕ್ಕದ ಎರಡು ಸೊಸೈಟಿಗಳ ಕನ್ನಡದ ಮನೆಗಳವರು ಸೇರಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ಮಕ್ಕಳಿಗೆ ಕನ್ನಡ ತರಗತಿ ನಡೆಸುತ್ತೇವೆ. ಚಿಕ್ಕವರಿಗೆ ಅ ಆ ಇ ಈ, ಹಾಡು, ಕಥೆ. ಎಂಟರಿಂದ ಹತ್ತನೇ ತರಗತಿಯ ಹನ್ನೊಂದು ಮಕ್ಕಳ ಗುಂಪು ನನ್ನ ಪಾಲಿಗೆ ಬಂತು. ಈ ವಯಸ್ಸಿನ ಮಕ್ಕಳದ್ದು ಒಂದು ವಿಚಿತ್ರ ಪರಿಸ್ಥಿತಿ. ಅಕ್ಷರ ಗೊತ್ತು, ಆದರೆ ಓದುವುದು ಆಮೆ ನಡಿಗೆಯಲ್ಲಿ. ಒಂದನೇ ತರಗತಿಯ ಕಾಗೆ ನರಿ ಕಥೆ ಕೊಟ್ಟರೆ ಅವಮಾನ, ಒಳ್ಳೆಯ ಸಣ್ಣಕಥೆ ಕೊಟ್ಟರೆ ಎರಡನೇ ಪುಟ ತಲುಪುವಷ್ಟರಲ್ಲಿ ಸುಸ್ತು. ಚಿಕ್ಕದಿರಬೇಕು, ಬುದ್ಧಿಗೆ ಕೆಲಸ ಇರಬೇಕು, ಓದಿದ್ದು ಸರಿಯೋ ತಪ್ಪೋ ಎಂದು ಅವರೇ ಪರೀಕ್ಷಿಸುವಂತಿರಬೇಕು. ಹಾಗೆ ಹುಡುಕುತ್ತಾ ನಾನು ಅಡುಗೆಮನೆಗೆ ಬಂದೆ.

ಮೊದಲು ತೆಗೆದುಕೊಂಡದ್ದು ಪ್ರೆಶರ್ ಕುಕ್ಕರಿನ ಪುಸ್ತಿಕೆ. ಅದರಲ್ಲಿ ಎರಡು ಸೂಚನೆಗಳಿವೆ. ಕುಕ್ಕರನ್ನು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ಅಕ್ಕಿ, ಬೇಳೆಯಾದರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಎಲ್ಲರೂ ಓದಿದರು, ಅರ್ಥವೂ ಆಯಿತು. "ಬೇಳೆಗೆ ಯಾಕೆ ಬೇರೆ ಲೆಕ್ಕ?" ಎಂದು ಕೇಳಿದೆ. ತರಗತಿ ಮೌನ. ಒಬ್ಬ ಹುಡುಗ, "ಹಾಗೆ ಬರೆದಿದೆ ಆಂಟಿ" ಎಂದ. ನನಗೆ ಆ ಉತ್ತರ ಬೇಕಿತ್ತು. ಆಮೇಲೆ ಅರ್ಧ ಗಂಟೆ ಚರ್ಚೆ ನಡೆಯಿತು. ಬೇಳೆ ಉಬ್ಬುತ್ತದೆ ಎಂದಳು ಒಬ್ಬಳು. ಬೇಳೆ ಕುದಿಯುವಾಗ ನೊರೆ ಬರುತ್ತದೆ ಎಂದಳು ಇನ್ನೊಬ್ಬಳು. ನೊರೆ ಮೇಲೆ ಬಂದರೆ ಎಲ್ಲಿಗೆ ಹೋಗುತ್ತದೆ? ಹಬೆ ಹೋಗುವ ತೂತಿಗೆ. ತೂತು ಕಟ್ಟಿಕೊಂಡರೆ? ಅಷ್ಟು ಹೊತ್ತಿಗೆ ಕುಕ್ಕರಿನ ಒಳಗೆ ಸುಮಾರು 120 ಡಿಗ್ರಿ ಶಾಖ, ಹೊರಗಿನ ಗಾಳಿಯ ಹೆಚ್ಚುಕಡಿಮೆ ಎರಡರಷ್ಟು ಒತ್ತಡ. ಸೇಫ್ಟಿ ವಾಲ್ವ್ ಎಂಬ ಚಿಕ್ಕ ಬಿಲ್ಲೆ ಯಾಕಿದೆ, ಕಂಪನಿಯವರು ತಮ್ಮದೇ ವಾಲ್ವ್ ಹಾಕಿಸಿ ಎಂದು ಯಾಕೆ ಹೇಳುತ್ತಾರೆ, ಅದರಲ್ಲಿ ಸುರಕ್ಷತೆ ಎಷ್ಟು, ವ್ಯಾಪಾರ ಎಷ್ಟು, ಎಲ್ಲವೂ ಮಾತಿಗೆ ಬಂತು. ಆ ಕೊನೆಯ ಪ್ರಶ್ನೆ ಕೇಳಿದ್ದು "ಹಾಗೆ ಬರೆದಿದೆ" ಎಂದಿದ್ದ ಹುಡುಗನೇ.

ಅಲ್ಲಿಂದ ನಾವು ಐದು ಪ್ರಶ್ನೆಗಳನ್ನು ಕಟ್ಟಿಕೊಂಡೆವು. ಇದನ್ನು ಬರೆದವರು ಯಾರು, ಯಾರಿಗಾಗಿ ಬರೆದರು? ಈ ಹೆಜ್ಜೆ ಯಾಕೆ? ಇದನ್ನು ಬಿಟ್ಟರೆ ಅಥವಾ ಹೆಚ್ಚುಕಡಿಮೆ ಮಾಡಿದರೆ ಏನಾಗುತ್ತದೆ? ಹೇಳದೆ ಬಿಟ್ಟಿರುವುದೇನು? ಮಾಡಿದ್ದು ಸರಿಯಾಗಿದೆ ಎಂದು ನನಗೆ ಹೇಗೆ ಗೊತ್ತಾಗುತ್ತದೆ? ಬೋರ್ಡಿನ ಮೂಲೆಯಲ್ಲಿ ಈ ಐದು ಸಾಲು ಈಗಲೂ ಇವೆ.

ನಂತರದ ವಾರ ಎರಡು ಬರಹಗಳನ್ನು ಪಕ್ಕಪಕ್ಕದಲ್ಲಿ ಇಟ್ಟೆ. ಒಂದು, ನನ್ನ ಅಮ್ಮ ಫೋನಿನಲ್ಲಿ ಹೇಳಿ ನಾನು ಬರೆದುಕೊಂಡ ಮಂಡಕ್ಕಿ ಒಗ್ಗರಣೆಯ ವಿಧಾನ. ಇನ್ನೊಂದು, ಔಷಧಿ ಅಂಗಡಿಯಿಂದ ತಂದ ಓಆರ್‌ಎಸ್ ಪೊಟ್ಟಣ. ಎರಡರಲ್ಲೂ ಉಪ್ಪಿದೆ. ಅಮ್ಮನದರಲ್ಲಿ 'ಉಪ್ಪು ರುಚಿಗೆ ತಕ್ಕಷ್ಟು'. ಪೊಟ್ಟಣದಲ್ಲಿ ಸೋಡಿಯಂ ಕ್ಲೋರೈಡ್, ಅಂದರೆ ಅದೇ ಉಪ್ಪು, 2.6 ಗ್ರಾಂ. ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9. ಎಲ್ಲ ಕೂಡಿದರೆ 20.5 ಗ್ರಾಂ. ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಇಡೀ ಪೊಟ್ಟಣವನ್ನು ಒಂದು ಲೀಟರ್ ಕುಡಿಯುವ ನೀರಿಗೆ ಹಾಕಬೇಕು, ಕರಗಿಸಿದ ಮೇಲೆ ಕುದಿಸಬಾರದು, 24 ಗಂಟೆಯೊಳಗೆ ಬಳಸಿ ಉಳಿದದ್ದನ್ನು ಚೆಲ್ಲಬೇಕು.

"ಒಂದು ಕಡೆ ದಶಮಾಂಶ ಬಿಂದು, ಇನ್ನೊಂದು ಕಡೆ ರುಚಿಗೆ ತಕ್ಕಷ್ಟು. ಯಾವುದು ಒಳ್ಳೆಯ ಸೂಚನೆ?" ಎಂದು ಕೇಳಿದೆ. ಓಆರ್‌ಎಸ್ ಎಂದು ಎಲ್ಲರೂ ಒಂದೇ ಉಸಿರಿಗೆ ಕೂಗಿದರು. ಅಮ್ಮನ ಪರವಾಗಿ ವಾದಿಸುವುದು ನನಗೇ ಬಂತು. ಮಂಡಕ್ಕಿಗೆ ಉಪ್ಪು ಕಡಿಮೆಯಾದರೆ ಮೇಲೆ ಉದುರಿಸಿಕೊಳ್ಳಬಹುದು. ಮನೆಯಲ್ಲಿ ಬಿ.ಪಿ. ಇರುವ ತಾತ ಇದ್ದರೆ ಕಡಿಮೆ ಹಾಕಬಹುದು. ಅಡುಗೆ ಮಾಡುವವರ ವಿವೇಕಕ್ಕೆ ಅಮ್ಮ ಜಾಗ ಬಿಟ್ಟಿದ್ದಾರೆ, ಆ ಜಾಗ ಬೇಕಾದದ್ದೇ. ಓಆರ್‌ಎಸ್‌ನಲ್ಲಿ ಆ ಜಾಗವಿಲ್ಲ. ಗ್ಲೂಕೋಸ್ ಜೊತೆಗಿದ್ದಾಗ ಕರುಳು ಸೋಡಿಯಂ ಅನ್ನು ಹೀರಿಕೊಳ್ಳುತ್ತದೆ, ಅದರ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ನೀರು ಕಡಿಮೆ ಹಾಕಿ ಗಟ್ಟಿ ಮಾಡಿದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಅಪಾಯ. ತೀರಾ ತೆಳು ಮಾಡಿದರೆ ಉಪಯೋಗ ಸಾಲದು. ನಾಲಿಗೆಗೆ ಇಲ್ಲಿ ತೀರ್ಪು ಕೊಡುವ ಅಧಿಕಾರವಿಲ್ಲ.

ಆ ದಿನ ನಾನು ಡಾ. ದಿಲೀಪ್ ಮಹಲನಬೀಸ್ ಅವರ ಬಗ್ಗೆ ಹೇಳಿದೆ. 1971ರಲ್ಲಿ ಬಾಂಗ್ಲಾ ಯುದ್ಧದಿಂದ ಓಡಿ ಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ತುಂಬಿಕೊಂಡಿದ್ದಾಗ ಕಾಲರಾ ಹರಡಿತು. ರಕ್ತನಾಳಕ್ಕೆ ಹಾಕುವ ಸಲೈನ್ ಸಾಲದಾಯಿತು. ಅವರ ತಂಡ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ ಪೊಟ್ಟಣ ಕಟ್ಟಿತು. ನೀರಿಗೆ ಬೆರೆಸಿದ್ದನ್ನು ರೋಗಿಗೆ ಕುಡಿಸುವ ಕೆಲಸವನ್ನು ಜೊತೆಗಿದ್ದ ಮನೆಯವರಿಗೇ ಹೇಳಿಕೊಟ್ಟರು. ಸುಮಾರು ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ವೈದ್ಯರಲ್ಲದವರ ಕೈಗೆ ಒಂದು ಸರಳ ಸೂಚನೆ ತಲುಪಿದ್ದರಿಂದ ಸಾವಿರಾರು ಜೀವ ಉಳಿದವು ಎಂದಾಗ, ಪೊಟ್ಟಣ ಹಿಡಿದಿದ್ದ ಕೈಗಳು ಅದನ್ನು ಮತ್ತೊಮ್ಮೆ ತಿರುಗಿಸಿ ನೋಡಿದವು.

ಆಗ ಮಾತಾಡಿದ್ದು ಹಿಂದಿನ ಸಾಲಿನ ಹುಡುಗಿ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಅಪ್ಪ ಪಕ್ಕದ ಸೊಸೈಟಿಯಲ್ಲಿ ವಾಚ್‌ಮನ್, ಅವ್ವ ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಾರೆ. ಅವಳು ಹತ್ತಿರದ ಸರ್ಕಾರಿ ಮರಾಠಿ ಶಾಲೆಯಲ್ಲಿ ಒಂಬತ್ತನೇ ತರಗತಿ. "ನಮ್ಮನ್ಯಾಗ ಲೀಟರ್ ಅಳತಿ ಇಲ್ರಿ ಆಂಟಿ. ಒಂದ್ ಲೀಟರ್ ನೀರು ಅಂತ ಬರದಾರ, ಹೆಂಗ ಅಳೀಬೇಕಂತ ಬರದಿಲ್ಲ. ತಮ್ಮಗ ಜುಲಾಬ್ ಆದಾಗ ಅವ್ವ ಗ್ಲಾಸಿನಾಗ ಒಂಚೂರ್ ಒಂಚೂರ್ ಹಾಕಿ ಕೊಡ್ತಿದ್ಲು."

ನಾಲ್ಕನೆಯ ಪ್ರಶ್ನೆಗೆ, ಹೇಳದೆ ಬಿಟ್ಟಿರುವುದೇನು ಎಂಬುದಕ್ಕೆ, ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಈವರೆಗೆ ಸಿಕ್ಕಿಲ್ಲ. ಆ ಪೊಟ್ಟಣ ಬರೆದವರ ಕಣ್ಣಮುಂದೆ ಅಳತೆಯ ಪಾತ್ರೆ ಇರುವ ಅಡುಗೆಮನೆ ಇತ್ತು. ಉಳಿದ ಮಕ್ಕಳ ಮನೆಗಳೂ ಅಂಥವೇ, ಹಾಗಾಗಿ ಅವರಿಗೆ ಅದು ಕಾಣಲಿಲ್ಲ. ಅವಳಿಗೆ ಕಂಡಿತು. ಆಮೇಲೆ ಎಲ್ಲರೂ ಸೇರಿ ದಾರಿ ಹುಡುಕಿದರು. ಒಂದು ಲೀಟರಿನ ನೀರಿನ ಬಾಟಲಿ ಎಲ್ಲರ ಮನೆಯಲ್ಲೂ ಇದೆ. 200 ಮಿಲಿಲೀಟರಿಗೆ ಬೆರೆಸುವ ಚಿಕ್ಕ ಪೊಟ್ಟಣವೂ ಅಂಗಡಿಯಲ್ಲಿ ಸಿಗುತ್ತದೆ, ಅದರ ತೂಕ 4.2 ಗ್ರಾಂ. ಒಬ್ಬ ಹುಡುಗ ತಕ್ಷಣ ಐದರಿಂದ ಗುಣಿಸಿ, "21 ಆಗತ್ತೆ, 20.5 ಅಲ್ಲವಲ್ಲ, ಯಾರೋ ತಪ್ಪು ಮಾಡಿದ್ದಾರೆ" ಎಂದ. ಇಷ್ಟು ವ್ಯತ್ಯಾಸ ನಡೆಯುತ್ತದೆಯೇ, ನಡೆಯುವುದಿಲ್ಲವೇ ಎಂದು ಯಾರನ್ನು ಕೇಳಬೇಕು? ಅವನ ಪ್ರಶ್ನೆಯನ್ನು ನಮ್ಮ ಸೊಸೈಟಿಯ ಮಕ್ಕಳ ವೈದ್ಯೆಯ ಮುಂದಿಟ್ಟೆವು. ಗ್ಲೂಕೋಸನ್ನು ನೀರಿನಂಶ ಇರುವ ರೂಪದಲ್ಲಿ ಹಾಕಿದರೆ ತೂಕ ತುಸು ಹೆಚ್ಚುತ್ತದೆ, ಇಷ್ಟರಿಂದ ತೊಂದರೆಯಿಲ್ಲ, ಗ್ಲಾಸಿಗೆ ಅಂದಾಜಿನ ಮೇಲೆ ಚಿಟಿಕೆ ಚಿಟಿಕೆ ಹಾಕುವುದೇ ತೊಂದರೆ ಎಂದು ಅವರು ವಿವರಿಸಿದರು. ಅನುಮಾನಪಡುವುದು ಹೇಗೋ ಹಾಗೆಯೇ ತಿಳಿದವರನ್ನು ಕೇಳಿ ಅನುಮಾನ ಬಿಡುವುದೂ ಈ ವಿದ್ಯೆಯ ಭಾಗ ಎಂದು ಆ ಹುಡುಗನಿಗೆ ಅಂದು ಗೊತ್ತಾಯಿತು.

ನನ್ನ ಕಸುಬಿನಿಂದ ತರಗತಿಗೆ ತಂದದ್ದು ಒಂದಿದೆ. ಅಂತರ್ಜಾಲ ನಡೆಯುವುದೇ ಸೂಚನೆಗಳ ಮೇಲೆ. ಯಾವ ಯಂತ್ರ ಯಾವಾಗ ಏನು ಮಾಡಬೇಕು ಎಂದು ಬರೆದಿಟ್ಟ ಆರ್‌ಎಫ್‌ಸಿ ಎಂಬ ದಾಖಲೆಗಳಿವೆ. ಅವುಗಳಲ್ಲಿ 2119ನೆಯದು 1997ರ ಮಾರ್ಚ್‌ನಲ್ಲಿ ಬಂತು. ಕೆಲವೇ ಪುಟದ ಆ ದಾಖಲೆಯ ಕೆಲಸವೆಂದರೆ 'ಮಸ್ಟ್', 'ಶುಡ್', 'ಮೇ' ಮುಂತಾದ ಪದಗಳ ತೂಕವನ್ನು ಗೊತ್ತುಮಾಡುವುದು. ಮಸ್ಟ್ ಎಂದರೆ ಬೇರೆ ದಾರಿಯಿಲ್ಲ. ಮೇ ಎಂದರೆ ನಿಮ್ಮಿಷ್ಟ. ನಡುವಿನ ಶುಡ್ ಇದೆಯಲ್ಲ, ಅದು ಸ್ವಾರಸ್ಯದ್ದು. ಸರಿಯಾದ ಕಾರಣವಿದ್ದರೆ ಇದನ್ನು ಬಿಡಬಹುದು, ಆದರೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಪೂರ್ತಿ ಅರ್ಥಮಾಡಿಕೊಂಡು, ತೂಗಿ ನೋಡಿ ಬಿಡಬೇಕು ಎಂಬುದು ಅದರ ತಾತ್ಪರ್ಯ. ವಿಮರ್ಶಾತ್ಮಕ ಚಿಂತನೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತೆ ಮತ್ತೆ ಹೇಳುವುದರ ಅರ್ಥ ನನಗೆ ಸ್ಪಷ್ಟವಾಗಿ ಕಂಡದ್ದು ಈ ಒಂದು ಪದದಲ್ಲಿ.

ಕನ್ನಡದಲ್ಲಿ ಈ ತೂಕಗಳು ಪದದ ಬಾಲದಲ್ಲೇ ಕೂತಿವೆ. ಮಾಡಬೇಕು, ಮಾಡಬಹುದು, ಮಾಡಬಾರದು, ಮಾಡಕೂಡದು, ಮಾಡಿದರೆ ಒಳ್ಳೆಯದು. 'ಊಟದ ನಂತರ' ಎನ್ನುವುದಕ್ಕೂ 'ಊಟದ ನಂತರವೇ' ಎನ್ನುವುದಕ್ಕೂ ಇರುವ ಅಂತರ ಒಂದು ಏಕಾರದಷ್ಟು. 'ಇದನ್ನು ಕೊಡಿ', 'ಇದನ್ನೇ ಕೊಡಿ', 'ಇದನ್ನೂ ಕೊಡಿ', 'ಇದನ್ನಾದರೂ ಕೊಡಿ', ನಾಲ್ಕೂ ಬೇರೆ ಬೇರೆ ಆಜ್ಞೆಗಳು. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳ ಕನ್ನಡದಲ್ಲಿ ಮೊದಲು ಸವೆಯುವುದು ಈ ಬಾಲಗಳೇ. ಮನೆಮಾತಿನಲ್ಲಿ ಕೆಲಸ ನಡೆದುಹೋಗುತ್ತದೆ, ಹಾಗಾಗಿ ಸವೆದದ್ದು ಕಾಣುವುದಿಲ್ಲ. ಸೂಚನೆಗಳನ್ನು ಬೇಕು, ಬಹುದು, ಬಾರದು ಎಂದು ಮೂರು ಕಂಬಗಳಲ್ಲಿ ವಿಂಗಡಿಸುವ ಆಟ ಆಡಿಸಿದೆ. ವ್ಯಾಕರಣ ಎಂದು ಹೇಳಿದ್ದರೆ ಓಡಿಹೋಗುತ್ತಿದ್ದ ಮಕ್ಕಳು ಒಂದು ಏಕಾರಕ್ಕಾಗಿ ಹತ್ತು ನಿಮಿಷ ಜಗಳವಾಡಿದರು.

ಕೆಲವೊಮ್ಮೆ ಸೂಚನೆಯ ಮಾತು ಸ್ಪಷ್ಟವಾಗಿದ್ದರೂ ಅರ್ಧವೇ ಇರುತ್ತದೆ. ಮಕ್ಕಳ ಜ್ವರದ ಪ್ಯಾರಾಸಿಟಮಾಲ್ ಸಿರಪ್ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಮಿಲಿಗ್ರಾಂ ಇರುವುದೂ ಸಿಗುತ್ತದೆ. 'ಒಂದು ಚಮಚ ಕೊಡಿ' ಎಂಬ ಮಾತು ಒಂದೇ, ಸೀಸೆ ಬದಲಾದರೆ ಔಷಧಿ ಎರಡರಷ್ಟು. ಎರಡು ಸೀಸೆಗಳ ಲೇಬಲ್ಲನ್ನು ಮಕ್ಕಳು ಪಕ್ಕಪಕ್ಕ ಇಟ್ಟು ನೋಡಿದ ದಿನ, ಮೂರು ಮನೆಗಳಲ್ಲಿ ಔಷಧಿ ಡಬ್ಬಿಗಳ ತಪಾಸಣೆ ನಡೆಯಿತೆಂದು ಆಮೇಲೆ ತಾಯಂದಿರು ಹೇಳಿದರು.

ಇನ್ನು ಕೆಲವೊಮ್ಮೆ ಹೆಸರೇ ದಾರಿ ತಪ್ಪಿಸುತ್ತದೆ. ಓಆರ್‌ಎಸ್ ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಇಟ್ಟುಕೊಂಡು, ಸಕ್ಕರೆ ಹಲವು ಪಟ್ಟು ಹೆಚ್ಚಿರುವ ಹಣ್ಣಿನ ಪಾನೀಯಗಳು ಔಷಧಿ ಅಂಗಡಿಯಲ್ಲೇ ಮಾರಾಟವಾಗುತ್ತಿದ್ದವು. ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓಆರ್‌ಎಸ್ ಅಲ್ಲ ಎಂಬ ಮಾತೊಂದು ಲೇಬಲ್ಲಿನಲ್ಲಿ ಇದ್ದರೆ ಸಾಕು ಎಂಬ ನಿಯಮ ಕೆಲವು ವರ್ಷ ಇತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆ ಅನುಮತಿಯನ್ನು ಹಿಂತೆಗೆದುಕೊಂಡಿತು. ಚಿಕ್ಕ ಅಕ್ಷರದಲ್ಲಿ ನಿಜ ಬರೆದು ದೊಡ್ಡ ಅಕ್ಷರದಲ್ಲಿ ಬೇರೇನನ್ನೋ ಹೇಳಿದರೆ ಅದು ಸುಳ್ಳೇ ಅಲ್ಲವೇ ಎಂಬ ಚರ್ಚೆಯಲ್ಲಿ ನಮ್ಮ ತರಗತಿ ಎರಡು ಪಕ್ಷವಾಯಿತು. ಓದುವುದು ಓದುಗನ ಜವಾಬ್ದಾರಿ ಎಂದಿತು ಒಂದು ಪಕ್ಷ. "ಓದಾಕ ಬರದವ್ರು ಏನ್ ಮಾಡ್ಬೇಕ್ರಿ?" ಎಂದಳು ಇಂಡಿಯ ಹುಡುಗಿ. ಆ ಪಕ್ಷದವರ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಸೂಚನೆಯ ರೂಪವನ್ನೇ ವೇಷ ಮಾಡಿಕೊಂಡು ಬರುವ ಮೋಸಗಳ ಕಾಲ ಇದು. ನಿಮ್ಮ ಕರೆಂಟ್ ಇಂದು ರಾತ್ರಿ ಒಂಬತ್ತೂವರೆಗೆ ಕಡಿತವಾಗುತ್ತದೆ, ತಕ್ಷಣ ಈ ನಂಬರಿಗೆ ಕರೆ ಮಾಡಿ. ಹಣ ಪಡೆಯಲು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಯುಪಿಐ ಪಿನ್ ಹಾಕಿ. ಈ ಆ್ಯಪ್ ಇಳಿಸಿಕೊಳ್ಳಿ, ಪರದೆ ಹಂಚಿಕೊಳ್ಳಿ, ಯಾರಿಗೂ ಹೇಳಬೇಡಿ. ವ್ಯಾಕರಣದ ಪ್ರಕಾರ ಇವೆಲ್ಲ ಅಚ್ಚುಕಟ್ಟಾದ ಸೂಚನೆಗಳು. ಹೆಜ್ಜೆಗಳಿವೆ, ಕ್ರಮವಿದೆ. ಇಂಥ ಸಂದೇಶಗಳನ್ನು ಓಆರ್‌ಎಸ್ ಪೊಟ್ಟಣದ ಪಕ್ಕದಲ್ಲಿಟ್ಟು ನಮ್ಮ ಐದು ಪ್ರಶ್ನೆ ಕೇಳಿಸಿದೆ. ಯಾರು ಬರೆದರು? ಹೆಸರಿಲ್ಲದ ಮೊಬೈಲ್ ನಂಬರು. ಈ ಹೆಜ್ಜೆ ಯಾಕೆ? ಹೇಳಿಲ್ಲ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕೆ ಪಿನ್ ಬೇಡ, ಹಾಗಾದರೆ ಈ ಹೆಜ್ಜೆ ಯಾಕಿದೆ? ಬಿಟ್ಟರೆ ಏನಾಗುತ್ತದೆ? ಬರೀ ಬೆದರಿಕೆ. ಮಕ್ಕಳು ಕಂಡುಕೊಂಡ ಇನ್ನೊಂದು ಸಂಗತಿ ನನಗೂ ಹೊಳೆದಿರಲಿಲ್ಲ. ಕುಕ್ಕರಿನ ಪುಸ್ತಿಕೆ 'ನಿಧಾನಕ್ಕೆ ಮಾಡಿ, ಹಬೆ ಇಳಿಯುವವರೆಗೆ ಕಾಯಿರಿ' ಎನ್ನುತ್ತದೆ. ಔಷಧಿಯ ಚೀಟಿ 'ಅನುಮಾನವಿದ್ದರೆ ವೈದ್ಯರನ್ನು ಕೇಳಿ' ಎನ್ನುತ್ತದೆ. ಮೋಸದ ಸಂದೇಶ ಮಾತ್ರ ಕಾಯಲು ಬಿಡುವುದಿಲ್ಲ, ಇನ್ನೊಬ್ಬರನ್ನು ಕೇಳಲೂ ಬಿಡುವುದಿಲ್ಲ. ಕೊನೆಗೆ ಎಲ್ಲರೂ ಸೈಬರ್ ಅಪರಾಧದ ಸಹಾಯವಾಣಿ 1930 ಎಂಬ ಸಂಖ್ಯೆಯನ್ನು ಮನೆಯ ಹಿರಿಯರ ಫೋನಿನಲ್ಲಿ ಉಳಿಸಿ ಬಂದರು.

ಓದಿದ್ದು ಸಾಕು, ಬರೆಯಿರಿ ಎಂದೆ ಒಂದು ದಿನ. ನಿಂಬೆ ಶರಬತ್ತು ಮಾಡುವ ವಿಧಾನ ಬರೆಯಬೇಕು, ನಾನು ಯಂತ್ರದ ಹಾಗೆ ಬರೆದದ್ದನ್ನಷ್ಟೇ ಮಾಡುತ್ತೇನೆ. 'ನಿಂಬೆಹಣ್ಣು ಹಿಂಡಿ' ಎಂದು ಒಬ್ಬಳು ಬರೆದಿದ್ದಳು. ಕತ್ತರಿಸು ಎಂದು ಇರಲಿಲ್ಲ, ಇಡೀ ಹಣ್ಣನ್ನು ಮುಷ್ಟಿಯಲ್ಲಿ ಹಿಂಡಿದೆ. 'ಸಕ್ಕರೆ ಹಾಕಿ' ಎಂದಿದ್ದಕ್ಕೆ ಡಬ್ಬಿಯನ್ನೇ ಪಾತ್ರೆಯೊಳಗೆ ಇಟ್ಟೆ. ನಗು ನಿಂತ ಮೇಲೆ ಎರಡನೇ ಸಲ ಬರೆದರು, ಆಮೇಲೆ ಮೂರನೇ ಸಲ. ನಮ್ಮ ಆಫೀಸಿನಲ್ಲಿ ನಡುರಾತ್ರಿ ಸರ್ವರ್ ನಿಂತರೆ ನೋಡಿಕೊಳ್ಳಲು ರನ್‌ಬುಕ್ ಎಂಬ ಸೂಚನಾ ಪುಸ್ತಕ ಇರುತ್ತದೆ. ಒಳ್ಳೆಯ ರನ್‌ಬುಕ್ಕಿನಲ್ಲಿ ಪ್ರತಿ ಹೆಜ್ಜೆಯ ಕೆಳಗೆ 'ಈಗ ನಿಮಗೆ ಇದು ಕಾಣಬೇಕು, ಕಾಣದಿದ್ದರೆ ಮುಂದೆ ಹೋಗಬೇಡಿ' ಎಂಬ ಸಾಲು ಇರುತ್ತದೆ. ನಿದ್ದೆಗಣ್ಣಿನ ಮನುಷ್ಯನಿಗೆ ಆ ಸಾಲೇ ಆಸರೆ. ಮಕ್ಕಳು ಅದನ್ನು ಶರಬತ್ತಿಗೆ ಅಳವಡಿಸಿದರು: 'ತಳದಲ್ಲಿ ಸಕ್ಕರೆ ಕಾಣಬಾರದು. ಕಂಡರೆ ಇನ್ನೊಮ್ಮೆ ಕದಡಿ.' ಓದುವವನ ಜಾಗದಲ್ಲಿ ನಿಂತು ಬರೆದ ಮೇಲೆ, ಬೇರೆಯವರು ಬರೆದದ್ದರಲ್ಲಿ ಏನು ತಪ್ಪಿಹೋಗಿದೆ ಎಂದು ಅವರಿಗೆ ಬೇಗ ಕಾಣತೊಡಗಿತು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಮೂರು ತಿಂಗಳಾದ ಮೇಲೆ ಒಬ್ಬ ಹುಡುಗನ ತಂದೆ ಲಿಫ್ಟಿನ ಬಳಿ ನಿಲ್ಲಿಸಿ ಕೇಳಿದರು. "ನೀವು ಏನ್ ಕಲಿಸ್ತೀರೋ ಗೊತ್ತಿಲ್ಲ ಮೇಡಂ. ಈಗ ಏನ್ ಹೇಳಿದ್ರೂ ಯಾಕೆ ಅಂತಾನೆ. ಒಂಬತ್ತು ಗಂಟೆಗೆ ಮಲಗು ಅಂದ್ರೆ ಅದು ಬೇಕೋ ಬಹುದೋ ಅಂತ ಕೇಳ್ತಾನೆ. ಬೋರ್ಡ್ ಎಕ್ಸಾಮ್ ವರ್ಷ, ಇದರಿಂದ ಮಾರ್ಕ್ಸ್ ಬರತ್ತಾ?"

ಅವರ ಮಾತನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ. ಹೇಳಿದ್ದನ್ನು ಕೇಳುವ ಮಗು ನಮಗೆಲ್ಲ ಬೇಕು. ಅವಸರದ ಬೆಳಿಗ್ಗೆಯಲ್ಲಿ ಪ್ರತಿಯೊಂದಕ್ಕೂ ಕಾರಣ ಕೊಡಲು ಯಾವ ತಂದೆತಾಯಿಗೂ ಪುರುಸೊತ್ತಿಲ್ಲ. ನಾನು ಅವರಿಗೆ ಹೇಳಿದ್ದು ಇಷ್ಟು: "ಇನ್ನು ಮೂರು ವರ್ಷಕ್ಕೆ ಅವನು ಹಾಸ್ಟೆಲ್ಲಿಗೆ ಹೋಗ್ತಾನೆ. ಅಲ್ಲಿ ಅವನಿಗೆ ಏನು ಮಾಡು ಅಂತ ಹೇಳೋರು ನಾವು ಇರಲ್ಲ, ಬೇರೆಯವರು ಇರ್ತಾರೆ. ಅವರ ಮಾತನ್ನೂ ಹೀಗೇ ಪ್ರಶ್ನೆ ಕೇಳದೆ ಪಾಲಿಸಲಿ ಅಂತ ನಿಮಗೆ ಇದೆಯಾ?" ಅವರು ಸುಮ್ಮನಾದರು, ಆದರೆ ಒಪ್ಪಿದರು ಎಂದು ಹೇಳಲಾರೆ. ಹುಡುಗ ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ತರಗತಿಗೆ ಬರಲಿಲ್ಲ. ಏಪ್ರಿಲ್‌ನಲ್ಲಿ ತಾನೇ ಬಂದು ಕೂತ.

ಆ ತಂದೆಯ ಮಾತಿನಿಂದ ತರಗತಿಯಲ್ಲಿ ಹೊಸದೊಂದು ಸೇರಿತು. ಯಾಕೆ ಎಂದು ಕೇಳುವುದಕ್ಕೂ ಹೊತ್ತು ಗೊತ್ತು ಇದೆ. ಬೆಂಕಿ ಹತ್ತಿದಾಗ 'ಮೆಟ್ಟಿಲಿಂದಲೇ ಇಳಿಯಿರಿ, ಲಿಫ್ಟ್ ಬಳಸಬೇಡಿ' ಎಂಬ ಸೂಚನೆಯನ್ನು ಆ ಕ್ಷಣದಲ್ಲಿ ಪ್ರಶ್ನಿಸುತ್ತಾ ನಿಲ್ಲುವಂತಿಲ್ಲ. ಅದನ್ನು ಪ್ರಶ್ನಿಸಬೇಕಾದದ್ದು ಬೆಂಕಿಯಿಲ್ಲದ ದಿನ. ಕರೆಂಟ್ ಹೋದರೆ ಲಿಫ್ಟ್ ನಡುವೆ ನಿಲ್ಲುತ್ತದೆ, ಲಿಫ್ಟಿನ ಬಾವಿ ಹೊಗೆಗೆ ಚಿಮಣಿಯಾಗುತ್ತದೆ ಎಂದು ಮೊದಲೇ ತಿಳಿದವನ ಕಾಲು ಆ ದಿನ ತಾನಾಗಿ ಮೆಟ್ಟಿಲ ಕಡೆ ತಿರುಗುತ್ತದೆ. ಹಾಗೆ ಹೇಳಿಕೊಟ್ಟ ಮೇಲೆ ನಮ್ಮ ಸೊಸೈಟಿಯ ಮೆಟ್ಟಿಲುಗಳನ್ನು ನೋಡಿ ಬರಲು ಮಕ್ಕಳನ್ನು ಕಳಿಸಿದೆ. ಎರಡು ಮಹಡಿಗಳಲ್ಲಿ ಬಾಗಿಲಿಗೆ ಅಡ್ಡವಾಗಿ ಹಳೆಯ ಸೈಕಲ್, ಚಪ್ಪಲಿ ಸ್ಟ್ಯಾಂಡು ಇದ್ದವು. ಮಕ್ಕಳು ಸೊಸೈಟಿಯ ಕಮಿಟಿಗೆ ಪತ್ರ ಬರೆದರು. ಒಂದು ಸೈಕಲ್ ಹೋಗಿದೆ, ಚಪ್ಪಲಿ ಸ್ಟ್ಯಾಂಡು ಇನ್ನೂ ಇದೆ.

ಇಂಡಿಯ ಹುಡುಗಿಯ ವಿಷಯ ಇದಕ್ಕಿಂತ ಭಾರವಾದದ್ದು. ನಮ್ಮ ಮಕ್ಕಳು ಯಾಕೆ ಎಂದು ಕೇಳಿದರೆ ಹೆಚ್ಚೆಂದರೆ ಬೈಗುಳ. ಅವಳ ಅವ್ವ ಕೆಲಸದ ಮನೆಯಲ್ಲಿ ಯಾಕೆ ಎಂದು ಕೇಳಿದರೆ ಕೆಲಸವೇ ಹೋಗಬಹುದು. ಪಾತ್ರೆ ತೊಳೆಯುವ, ನೆಲ ಒರೆಸುವ ರಾಸಾಯನಿಕಗಳ ಡಬ್ಬಿಯ ಮೇಲೆ ಏನಿದೆ ಎಂದು ಅವಳು ಅವ್ವನಿಗೆ ಓದಿ ಹೇಳಿದ್ದಾಳೆ. ಬ್ಲೀಚ್ ಮತ್ತು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಎರಡನ್ನೂ ಬೆರೆಸಿದರೆ ಕ್ಲೋರಿನ್ ಅನಿಲ ಬರುತ್ತದೆ, ಬೆರೆಸಬಾರದು ಎಂದು ಲೇಬಲ್ಲಿನಲ್ಲಿ ಇರುತ್ತದೆ. "ಅಕ್ಕಾರು ಎರಡೂ ಕೂಡಿಸಿ ಹಾಕು ಅಂತಾರಂತ. ಅವ್ವ ಒಲ್ಲೆ ಅನ್ನಾಕ ಅಂಜತಾಳ" ಎಂದಳು. ಆ ಮನೆಯಾಕೆಯ ಜೊತೆ ನಾನು ಮಾತಾಡಿದೆ, ಅವರು ಕೇಳಿದರು ಕೂಡ. ಆದರೆ ನನ್ನ ಮಾತನ್ನು ಕೇಳಿದಷ್ಟು ಸಲೀಸಾಗಿ ಅವಳ ಅವ್ವನ ಮಾತನ್ನು ಕೇಳುತ್ತಿದ್ದರೇ ಎಂಬ ಪ್ರಶ್ನೆ ನನ್ನೊಳಗೆ ಹಾಗೇ ಇದೆ. ಪ್ರಶ್ನೆ ಕೇಳುವುದನ್ನು ಕಲಿಸಿದರೆ ಸಾಲದು, ಕೇಳಿದವರಿಗೆ ಉತ್ತರ ಕೊಡುವ ಅಭ್ಯಾಸ ನಮಗೂ ಬೇಕು.

ಅವಳು ಓಆರ್‌ಎಸ್ ಸೂಚನೆಯನ್ನು ತನ್ನ ಮಾತಿನಲ್ಲಿ ಬರೆದು, ಅಪ್ಪ ಕೂರುವ ಗೇಟಿನ ಕ್ಯಾಬಿನ್ನಿನೊಳಗೆ ಅಂಟಿಸಿದ್ದಾಳೆ. ಸುತ್ತಲಿನ ಸೊಸೈಟಿಗಳಲ್ಲಿ ಕೆಲಸ ಮಾಡುವ ಊರಕಡೆಯವರು ಅಲ್ಲಿ ಬಂದು ಕೂರುತ್ತಾರೆ. 'ಒಂದ್ ಲೀಟರಿನ ನೀರಿನ ಬಾಟ್ಲಿ ತಗೋರಿ. ತುಂಬ ನೀರು ಹಾಕ್ರಿ, ಕಾಸಿ ಆರಿಸಿದ್ದು. ದೊಡ್ಡ ಪಾಕೀಟಿನಾಗಿಂದು ಎಲ್ಲಾ ಪುಡಿ ಒಮ್ಮೆಗೇ ಹಾಕ್ರಿ, ಉಳಸಬ್ಯಾಡ್ರಿ. ರುಚಿ ನೋಡಿ ಸಕ್ಕರಿ ಹಾಕಬ್ಯಾಡ್ರಿ. ನಾಳೆ ಇದೇ ಹೊತ್ತಿಗೆ ಉಳದಿದ್ರ ಚೆಲ್ಲರಿ.' ಕೆಳಗೆ ಒಂದು ಬಾಟಲಿಯ ಚಿತ್ರ, ಒಂದು ಪೊಟ್ಟಣದ ಚಿತ್ರ, ಓದಲು ಬರದವರಿಗೆ.

ನಿಮ್ಮ ಊರಿನಲ್ಲೂ ಹೀಗೊಂದು ಗುಂಪು ಕಟ್ಟಬೇಕೆಂದರೆ ಪುಸ್ತಕ ಬೇಡ, ಹಣ ಬೇಡ. ಮನೆಯಲ್ಲಿರುವ ಪೊಟ್ಟಣ, ಸೀಸೆ, ರಸೀದಿಗಳು ಸಾಕು. ಕನ್ನಡದಲ್ಲಿ ಸೂಚನೆ ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಮಕ್ಕಳೇ ಕನ್ನಡಕ್ಕೆ ತರಲಿ. ಇಂಗ್ಲಿಷಿನ ಒಂದು 'ಶುಡ್' ಕನ್ನಡದಲ್ಲಿ ಯಾವ ಬಾಲ ಹಿಡಿಯಬೇಕು ಎಂದು ತಲೆ ಕೆಡಿಸಿಕೊಂಡ ಮಗು ಆ ವಾಕ್ಯವನ್ನು ಎರಡೂ ಭಾಷೆಯಲ್ಲಿ ಸರಿಯಾಗಿ ಓದಿರುತ್ತದೆ.

ಮುಂದಿನ ಭಾನುವಾರಕ್ಕೆ ನಮ್ಮ ಪಾಠ ಗ್ಯಾಸ್ ಸಿಲಿಂಡರ್. ಅದರ ಹಿಡಿಕೆಯನ್ನು ಹೊತ್ತಿರುವ ಒಳಪಟ್ಟಿಯ ಮೇಲೆ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಎಂದರೆ ಮಾರ್ಚ್ ಕೊನೆ, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್. ಅಂಕಿ ವರ್ಷದ್ದು. ಅಷ್ಟರೊಳಗೆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕು ಎಂದರ್ಥ. ಸೂಚನೆ ಇದೆ, ಆದರೆ ಅದು ಸೂಚನೆ ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಈಗ ಇರುವ ಸಿಲಿಂಡರಿನ ಮೇಲೆ ಏನಿದೆ, ಮಗುವಿಗೆ ಹೇಳಿ ಓದಿಸಿ ನೋಡಿ.